ಐದು ಮೈಲಿ ಸಾಕು, ಆದರೆ ಅದು ನಿಜವಾದ ಐದು ಮೈಲಿಯಾಗಿರಲಿ

ಅಮೆರಿಕದ ಹೆದ್ದಾರಿಗಳಲ್ಲಿ ಟ್ರಕ್ಕು, ಪಿಕಪ್ಪು, ಆರ್‌ವಿ ಓಡಿಸುವ ಕನ್ನಡಿಗರಲ್ಲಿ ಒಂದು ಮನವಿ. ನಿಮ್ಮ ವಾಹನದಲ್ಲಿ ಸಿಬಿ, ಅಂದರೆ ಸಿಟಿಜನ್ಸ್ ಬ್ಯಾಂಡ್ ರೇಡಿಯೊ ಇದ್ದರೆ ಚಳಿಗಾಲ ಶುರುವಾಗುವ ಮುಂಚೆ ಅದರ ಆಂಟೆನಾ ಪರೀಕ್ಷಿಸಿ. ನಿಮ್ಮ ಮಾತು ನಿಜಕ್ಕೂ ಎಷ್ಟು ದೂರ ಮುಟ್ಟುತ್ತದೆ ಎಂದು ರಸ್ತೆಯಲ್ಲೇ ಅಳೆದು ನೋಡಿ. ಆ ದೂರ ಕಡಿಮೆಯಿದ್ದರೆ ಕಾರಣ ಹುಡುಕಿ ಸರಿಪಡಿಸಿ. ದೂರ ಹೆಚ್ಚಿಸುವ ಆಸೆಗೆ ಕಾನೂನು ಒಪ್ಪದ ಆಂಪ್ಲಿಫೈಯರ್ ಮಾತ್ರ ಕೊಳ್ಳಬೇಡಿ.

ದೊಡ್ಡ ಟ್ರಕ್ಕಿನ ವೃತ್ತಿಯಲ್ಲಿ ನಮ್ಮವರು ಹೆಚ್ಚಿಲ್ಲ, ಬಲ್ಲೆ. ಭಾರತದಿಂದ ಹೋದವರಲ್ಲಿ ಆ ಕೆಲಸವನ್ನು ಹೆಚ್ಚಾಗಿ ಕೈಗೆತ್ತಿಕೊಂಡವರು ಪಂಜಾಬಿಗಳು. ಆದರೆ ಪಿಕಪ್ ಕೊಂಡು ಅದಕ್ಕೆ ಟ್ರೇಲರ್ ಕಟ್ಟಿಕೊಂಡು ಹೋಗುವವರು, ಬೇಸಿಗೆ ರಜೆಯಲ್ಲಿ ಆರ್‌ವಿ ಹಿಡಿದು ಮೂರು ನಾಲ್ಕು ಸಂಸಾರ ಸಾಲಾಗಿ ಯೆಲ್ಲೋಸ್ಟೋನ್‌ಗೋ ಮೋಆಬ್‌ಗೋ ಹೊರಡುವವರು ನಮ್ಮಲ್ಲಿ ಈಗ ಸಾಕಷ್ಟು ಮಂದಿ ಇದ್ದಾರೆ. ಮೊಬೈಲ್ ಸಿಗ್ನಲ್ ಇಲ್ಲದ ಕಣಿವೆಗಳಲ್ಲಿ ಮುಂದಿನ ಗಾಡಿಯವರೊಂದಿಗೆ ಮಾತಾಡಲು ಸಿಬಿ ಒಳ್ಳೆಯದು ಎಂದು ಯಾರೋ ಹೇಳಿರುತ್ತಾರೆ, ತಂದು ಹಾಕಿಸಿರುತ್ತಾರೆ. ಒಂದು ವಾರ ಕಳೆಯುವಷ್ಟರಲ್ಲಿ 'ಇದು ಅರ್ಧ ಮೈಲಿಯೂ ಕೇಳಿಸುವುದಿಲ್ಲ' ಎಂದು ಸ್ವಿಚ್ ಆರಿಸಿಬಿಟ್ಟಿರುತ್ತಾರೆ. ಅವರೆಲ್ಲರಿಗೂ ಈ ಮಾತು ಸೇರಬೇಕು.

ಅರ್ಧ ಮೈಲಿಗೂ ಐದು ಮೈಲಿಗೂ ಇರುವ ವ್ಯತ್ಯಾಸವನ್ನು ಸಮಯದಲ್ಲಿ ಅಳೆಯೋಣ. ಗಂಟೆಗೆ 65 ಮೈಲಿ ವೇಗದಲ್ಲಿ ಹೋಗುವ ವಾಹನ ಅರ್ಧ ಮೈಲಿಯನ್ನು 28 ಸೆಕೆಂಡಿನಲ್ಲಿ ದಾಟುತ್ತದೆ. ಎರಡು ಮೈಲಿಗೆ ಎರಡು ನಿಮಿಷವೂ ಹಿಡಿಯುವುದಿಲ್ಲ. ಐದು ಮೈಲಿಗೆ ನಾಲ್ಕೂವರೆ ನಿಮಿಷ ಬೇಕು. 80,000 ಪೌಂಡು, ಅಂದರೆ 36 ಟನ್ ತೂಗುವ ಟ್ರಕ್ಕು ಆ ವೇಗದಲ್ಲಿ ಒಣ ರಸ್ತೆಯ ಮೇಲೆ ನಿಲ್ಲಲು ಸುಮಾರು 525 ಅಡಿ ಬೇಕಾಗುತ್ತದೆ. ಮಂಜುಗಡ್ಡೆಯ ಮೇಲೆ ಎಷ್ಟು ಎಂಬುದನ್ನು ಯಾರೂ ಖಚಿತವಾಗಿ ಹೇಳಲಾರರು. ಮುಂದೆ ಎಲ್ಲವೂ ನಿಂತಿದೆ ಎಂಬ ಎಚ್ಚರಿಕೆ 28 ಸೆಕೆಂಡು ಮೊದಲು ಬಂದರೆ ಚಾಲಕ ಬ್ರೇಕ್ ಒತ್ತುತ್ತಾನೆ, ಅಷ್ಟೇ. ನಾಲ್ಕು ನಿಮಿಷ ಮೊದಲು ಬಂದರೆ ವೇಗ ಇಳಿಸಿ, ನಾಲ್ಕೂ ದೀಪ ಮಿಣುಕಿಸಿ, ಹಿಂದಿನವರಿಗೂ ಹೇಳಿ, ಮುಂದಿನ ಎಕ್ಸಿಟ್‌ನಲ್ಲಿ ಇಳಿದುಬಿಡಬಹುದು.

2021ರ ಫೆಬ್ರವರಿ 11ರ ಬೆಳಗ್ಗೆ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಐ-35 ವೆಸ್ಟ್ ಹೆದ್ದಾರಿ ಹೆಪ್ಪುಗಟ್ಟಿತ್ತು. ನೂರಮೂವತ್ತಕ್ಕೂ ಹೆಚ್ಚು ವಾಹನಗಳು ಒಂದರ ಮೇಲೊಂದು ನುಗ್ಗಿದವು. ಆರು ಜನ ಸತ್ತರು. 2023ರ ಅಕ್ಟೋಬರ್ 23ರಂದು ಲೂಸಿಯಾನಾದ ಮ್ಯಾಂಚಾಕ್ ಬಳಿ ಐ-55ರ ಮೇಲೆ ಜೌಗು ಪ್ರದೇಶದ ಬೆಂಕಿಯ ಹೊಗೆ ಮಂಜಿನೊಂದಿಗೆ ಬೆರೆತು ಕಣ್ಣಿಗೆ ಏನೂ ಕಾಣದಂತಾಯಿತು. ಅಲ್ಲಿ ಡಿಕ್ಕಿಯಾದದ್ದು 158 ವಾಹನಗಳು, ಸತ್ತವರು ಕನಿಷ್ಠ ಏಳು ಮಂದಿ. ಎಲ್ಲರ ಬಳಿ ಸಿಬಿ ಇದ್ದಿದ್ದರೆ ಅವರೆಲ್ಲ ಉಳಿಯುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಆದರೆ ಇಂಥ ಸರಣಿ ಡಿಕ್ಕಿಗಳಲ್ಲಿ ಹಿಂದಿನಿಂದ ಬರುವ ನೂರನೆಯ ಗಾಡಿಗೆ ಮುಂದೇನಾಗಿದೆ ಎಂಬುದು ತಿಳಿದಿರುವುದಿಲ್ಲ. ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ, ಹೆಸರು ಗೊತ್ತಿಲ್ಲದ ಅಪರಿಚಿತನಿಗೆ ಒಂದು ಗುಂಡಿ ಒತ್ತಿ ಸುದ್ದಿ ತಿಳಿಸುವ ಸಾಧನ ಇವತ್ತಿಗೂ ಸಿಬಿಯೇ. ಫೋನಿನಲ್ಲಿ ಮಾತಾಡಲು ನಂಬರು ಬೇಕು, ಟವರೂ ಬೇಕು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಪಶ್ಚಿಮ ನಾರ್ತ್ ಕ್ಯಾರೊಲಿನಾದಲ್ಲಿ ಐ-40ರ ಒಂದು ಭಾಗವನ್ನೇ ಪಿಜನ್ ನದಿಗೆ ಕೆಡವಿದಾಗ ಟವರುಗಳೂ ಸದ್ದಿಲ್ಲದೆ ಮಲಗಿದ್ದವು.

ಈ ವ್ಯವಸ್ಥೆ ಯಾರ ಸ್ವತ್ತೂ ಅಲ್ಲ. 1958ರಲ್ಲಿ ಅಮೆರಿಕದ ಸಂಪರ್ಕ ಆಯೋಗ, ಎಲ್ಲರೂ ಎಫ್‌ಸಿಸಿ ಎನ್ನುವ ಸಂಸ್ಥೆ, 27 ಮೆಗಾಹರ್ಟ್ಸ್ ಸುತ್ತಮುತ್ತ ಜನಸಾಮಾನ್ಯರಿಗೆಂದು 23 ಚಾನೆಲ್ ಬಿಟ್ಟುಕೊಟ್ಟಿತು. 1973ರ ತೈಲ ಬಿಕ್ಕಟ್ಟಿನಲ್ಲಿ ಡೀಸೆಲ್ ಎಲ್ಲಿ ಸಿಗುತ್ತದೆ, ಪೊಲೀಸರು ಎಲ್ಲಿ ನಿಂತಿದ್ದಾರೆ ಎಂದು ಟ್ರಕ್ಕಿನವರು ಒಬ್ಬರಿಗೊಬ್ಬರು ತಿಳಿಸಿಕೊಂಡದ್ದು ಇದರ ಮೇಲೆಯೇ. ಬಳಕೆ ಎಷ್ಟು ಹೆಚ್ಚಿತೆಂದರೆ 1977ರಲ್ಲಿ ಚಾನೆಲ್‌ಗಳನ್ನು 40ಕ್ಕೆ ಏರಿಸಬೇಕಾಯಿತು. 1983ರಲ್ಲಿ ಲೈಸೆನ್ಸನ್ನೇ ತೆಗೆದುಹಾಕಿದರು. ಇವತ್ತು ಪೌರತ್ವ, ಪರೀಕ್ಷೆ, ಶುಲ್ಕ ಯಾವುದೂ ಇಲ್ಲದೆ ಯಾರು ಬೇಕಾದರೂ ಮೈಕ್ ಹಿಡಿಯಬಹುದು. ಹಾಗೆ ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಕೇಳಿರುವುದು ಸ್ವಲ್ಪವೇ: ಎಎಂನಲ್ಲಿ 4 ವಾಟ್ ಮೀರಬೇಡಿ, ಎಸ್‌ಎಸ್‌ಬಿಯಲ್ಲಿ 12 ವಾಟ್ ಮೀರಬೇಡಿ, 9ನೇ ಚಾನೆಲ್ಲನ್ನು ತುರ್ತು ಕರೆಗಳಿಗೂ ದಾರಿಯಲ್ಲಿ ಸಿಕ್ಕಿಬಿದ್ದವರ ನೆರವಿಗೂ ಬಿಡಿ, ಪ್ರಮಾಣೀಕರಿಸಿದ ರೇಡಿಯೊ ಮಾತ್ರ ಬಳಸಿ, ಅದಕ್ಕೆ ಆಂಪ್ಲಿಫೈಯರ್ ಸೇರಿಸಬೇಡಿ.

ನಾಲ್ಕು ವಾಟ್ ಎಂದ ತಕ್ಷಣ ನಿರಾಸೆ ಬೇಡ. ಒಂದು ಸ್ಥೂಲ ಲೆಕ್ಕ ನೋಡಿ. ಅಮೆರಿಕದಲ್ಲಿ ದೊಡ್ಡ ಟ್ರಕ್ಕಿನ ಎತ್ತರ ಸಾಮಾನ್ಯವಾಗಿ 13 ಅಡಿ 6 ಇಂಚು, ಸುಮಾರು 4 ಮೀಟರ್. ಅಷ್ಟು ಎತ್ತರದ ಆಂಟೆನಾದಿಂದ ರೇಡಿಯೊ ಅಲೆಗೆ ದಿಗಂತ ಸುಮಾರು 8 ಕಿಲೋಮೀಟರ್ ದೂರ. ಎದುರಿನ ಟ್ರಕ್ಕಿನದೂ ಅಷ್ಟೇ ಎತ್ತರವಾದರೆ ಎರಡೂ ಸೇರಿ 16 ಕಿಲೋಮೀಟರ್, ಹತ್ತು ಮೈಲಿ. ಬಟ್ಟಬಯಲಿನ ನೆಬ್ರಾಸ್ಕಾದಲ್ಲಿ, ಸದ್ದಿಲ್ಲದ ಬೆಳಗಿನಲ್ಲಿ, ಎರಡೂ ಕಡೆ ಅಚ್ಚುಕಟ್ಟಾದ ಆಂಟೆನಾ ಇದ್ದರೆ ಅದರ ಹತ್ತಿರ ಹತ್ತಿರ ಹೋಗಬಹುದು. ಪಿಕಪ್‌ಗೆ ಎತ್ತರ ಕಡಿಮೆ, ಅದಕ್ಕೆ ತಕ್ಕಂತೆ ದೂರವೂ ಕಡಿಮೆ. ದಿನನಿತ್ಯದ ರಸ್ತೆಯಲ್ಲಿ ಗಾಡಿಯಿಂದ ಗಾಡಿಗೆ ಮೂರರಿಂದ ಐದಾರು ಮೈಲಿ ಸಿಕ್ಕರೆ ನಿಮ್ಮ ರೇಡಿಯೊ ಆರೋಗ್ಯವಾಗಿದೆ ಎಂದರ್ಥ. ದೊಡ್ಡ ಊರಿನ ಕಟ್ಟಡಗಳ ನಡುವೆ ಒಂದೆರಡು ಮೈಲಿ. ರಾಕೀ ಪರ್ವತಗಳ ತಿರುವುಗಳಲ್ಲಿ ಗುಡ್ಡದ ಆಚೆಗಿನ ಗಾಡಿ ಮುಕ್ಕಾಲು ಮೈಲಿಯಲ್ಲಿದ್ದರೂ ಕೇಳಿಸದಿರಬಹುದು, ಅದು ನಿಮ್ಮ ರೇಡಿಯೊದ ದೋಷವಲ್ಲ. ಇದಕ್ಕಿಂತ ಹೆಚ್ಚಿನದನ್ನು ಭರವಸೆ ಕೊಡುವ ಜಾಹೀರಾತನ್ನು ನಂಬಿ ಹಣ ಕಳೆದುಕೊಳ್ಳಬೇಡಿ. ಇದಕ್ಕಿಂತ ತೀರ ಕಡಿಮೆ ಬರುತ್ತಿದ್ದರೂ ಸುಮ್ಮನೆ ಇರಬೇಡಿ.

ಕಡಿಮೆ ಬರಲು ಬಹುಪಾಲು ಕಾರಣ ರೇಡಿಯೊ ಪೆಟ್ಟಿಗೆಯ ಹೊರಗಿರುತ್ತದೆ. 27 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲುಭಾಗ, ಹತ್ತಿರ ಹತ್ತಿರ ಒಂಬತ್ತು ಅಡಿಯ ಕಡ್ಡಿ, ಸಹಜವಾಗಿ ಚೆನ್ನಾಗಿ ಕೆಲಸ ಮಾಡುತ್ತದೆ. 102 ಇಂಚಿನ ಉಕ್ಕಿನ ಕಡ್ಡಿಗೆ ಬುಡದಲ್ಲೊಂದು ಸ್ಪ್ರಿಂಗು ಸೇರಿಸಿ ಪಿಕಪ್‌ನ ಹಿಂಬದಿಗೆ ಕಟ್ಟಿಕೊಂಡು ಹೋಗುವವರನ್ನು ನೀವು ನೋಡಿರಬಹುದು. ಸೇತುವೆಗಳ ಕೆಳಗೆ ಹೋಗಬೇಕಾದ ಎತ್ತರದ ಟ್ರಕ್ಕಿಗೆ ಅದು ಸಾಧ್ಯವಿಲ್ಲ. ಹಾಗಾಗಿ ಮೂರು ನಾಲ್ಕು ಅಡಿಯ ಫೈಬರ್‌ಗ್ಲಾಸ್ ಕಡ್ಡಿಗೆ ತಂತಿ ಸುತ್ತಿ, ಉದ್ದದ ಕೊರತೆಯನ್ನು ಸುರುಳಿಯಿಂದ ತುಂಬುತ್ತಾರೆ. ಕಡ್ಡಿ ಗಿಡ್ಡವಾದಷ್ಟೂ ನಷ್ಟ ಹೆಚ್ಚು. ಒಂದೂವರೆ ಅಡಿಯ ಚೆಂದದ ಆಂಟೆನಾ ಕೊಳ್ಳುವ ಮುಂಚೆ ಇದನ್ನು ನೆನೆಯಿರಿ. ಎತ್ತರದ ಮಿತಿಯೊಳಗೆ ಎಷ್ಟು ಉದ್ದದ್ದು ಹಾಕಲು ಸಾಧ್ಯವೋ ಅಷ್ಟು ಉದ್ದದ್ದನ್ನೇ ಹಾಕಿ. ಕಡ್ಡಿಯ ಮೇಲಿನ ಭಾಗ ಕ್ಯಾಬಿನ ಮಾಡಿಗಿಂತ ಮೇಲೆ ತಲೆ ಎತ್ತಿರಬೇಕು. ಮಾಡಿನ ಪಕ್ಕದಲ್ಲಿ ಅವಿತು ನಿಂತ ಆಂಟೆನಾ ಆ ದಿಕ್ಕಿಗೆ ಮೂಕವಾಗಿರುತ್ತದೆ.

ಕಡ್ಡಿ ಎಂದರೆ ಆಂಟೆನಾದ ಅರ್ಧ ಮಾತ್ರ. ಉಳಿದರ್ಧ ವಾಹನದ ಲೋಹದ ಮೈ, ಅದನ್ನೇ ಗ್ರೌಂಡ್ ಎನ್ನುವುದು. ಈ ಒಂದು ಸಂಗತಿ ತಿಳಿಯದೆ ಕೆಟ್ಟಿರುವ ಸಿಬಿಗಳೇ ಹೆಚ್ಚು. ಈಗಿನ ಟ್ರಕ್ಕುಗಳಲ್ಲಿ ಹುಡ್ಡು, ಮಾಡಿನ ಮೇಲಿನ ಗಾಳಿತಡೆ, ಪಕ್ಕದ ಹೊದಿಕೆ ಎಷ್ಟೋ ಕಡೆ ಫೈಬರ್‌ಗ್ಲಾಸ್ ಇಲ್ಲವೆ ಪ್ಲಾಸ್ಟಿಕ್ಕು. ಹಿಂಬದಿ ನೋಡುವ ಕನ್ನಡಿಯ ತೋಳಿಗೆ ಆಂಟೆನಾ ಬಿಗಿದಿರುತ್ತಾರೆ. ಆ ತೋಳು ಲೋಹದ್ದಾದರೂ ಅದನ್ನು ಹಿಡಿದಿರುವ ಬುಡದಲ್ಲಿ ಬಣ್ಣ, ರಬ್ಬರು, ಪ್ಲಾಸ್ಟಿಕ್ ವಾಷರು. ಚ್ಯಾಸಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಒಂದು ಸಾಧಾರಣ ಮಲ್ಟಿಮೀಟರ್ ತೆಗೆದುಕೊಂಡು ಆಂಟೆನಾ ಮೌಂಟಿನ ಲೋಹಕ್ಕೂ ಬ್ಯಾಟರಿಯ ನೆಗೆಟಿವ್‌ಗೂ ನಡುವಿನ ಪ್ರತಿರೋಧ ನೋಡಿ. ಒಂದು ಓಮ್‌ಗಿಂತ ಕಡಿಮೆ ಬರಬೇಕು. ಬರದಿದ್ದರೆ ಬಣ್ಣ ಕೆರೆದು, ತುಕ್ಕು ತೆಗೆದು, ಮೌಂಟಿನಿಂದ ಚ್ಯಾಸಿಗೆ ಅಗಲವಾದ ಹೆಣೆದ ತಾಮ್ರದ ಪಟ್ಟಿ ಎಳೆಯಿರಿ. ಪಟ್ಟಿ ಗಿಡ್ಡವಿದ್ದಷ್ಟೂ ಒಳ್ಳೆಯದು. ಮೈಯೆಲ್ಲ ಫೈಬರ್ ಆಗಿರುವ ಆರ್‌ವಿಗಳಿಗೆಂದೇ ಗ್ರೌಂಡ್ ಬೇಡದ ಆಂಟೆನಾ ಸೆಟ್ಟುಗಳಿವೆ. ಅವಕ್ಕೆ ಅವುಗಳದೇ ಕೇಬಲ್ಲು, ಮಾಮೂಲಿ ಕೇಬಲ್ ಹೊಂದುವುದಿಲ್ಲ.

ಅಯಸ್ಕಾಂತದ ಬುಡವಿರುವ ಆಂಟೆನಾ ತರುವವರು ಮೊದಲು ಮಾಡಿಗೆ ಅಯಸ್ಕಾಂತ ಅಂಟುತ್ತದೆಯೇ ನೋಡಿಕೊಳ್ಳಿ. ಫೋರ್ಡ್ ಎಫ್-150 ಪಿಕಪ್‌ನ ಮೈ 2015ರ ಮಾದರಿಯಿಂದ ಅಲ್ಯುಮಿನಿಯಂನದು. ಅಲ್ಯುಮಿನಿಯಂ ಗ್ರೌಂಡ್ ಆಗಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅಯಸ್ಕಾಂತ ಅಲ್ಲಿ ನಿಲ್ಲುವುದಿಲ್ಲ. ಮಾಡು ಉಕ್ಕಿನದಾಗಿದ್ದರೆ ನಟ್ಟನಡುವೆ ಇಡಿ. ಅಂಚಿಗೆ ಇಟ್ಟರೆ ಎದುರು ಅಂಚಿನ ಕಡೆಗೆ ದನಿ ಜಾಸ್ತಿ, ಈ ಕಡೆ ಕಡಿಮೆ.

ಎರಡು ಆಂಟೆನಾ ಹಾಕಿದರೆ ಎರಡರಷ್ಟು ದೂರ ಎಂಬ ನಂಬಿಕೆಯೂ ಬಲವಾಗಿದೆ. ಹಿಂದೆ ಎತ್ತರದ ಟ್ರೇಲರ್ ಗೋಡೆಯಂತೆ ನಿಲ್ಲುವ ದೊಡ್ಡ ಟ್ರಕ್ಕಿಗೆ ಎರಡು ಬದಿಗೆ ಎರಡು ಹಾಕುವುದರಲ್ಲಿ ಅರ್ಥವಿದೆ. ಅಲ್ಲಿ ಎರಡರ ನಡುವಿನ ಅಂತರ ಒಂಬತ್ತು ಅಡಿಯ ಹತ್ತಿರ ಬರುತ್ತದೆ, ಜೋಡಿ ಕೇಬಲ್ಲು 75 ಓಮ್‌ನದಿರುತ್ತದೆ, ಮುಂದಕ್ಕೂ ಹಿಂದಕ್ಕೂ ದನಿ ಸ್ವಲ್ಪ ಬಲವಾಗುತ್ತದೆ. ಅಗಲ ಕಡಿಮೆಯಿರುವ ಪಿಕಪ್‌ನಲ್ಲಿ ಅದೇ ಜೋಡಿ ಬರೀ ನೋಟಕ್ಕೆ. ಆ ಹಣದಲ್ಲಿ ಒಂದೇ ಒಳ್ಳೆಯ ಆಂಟೆನಾ ತಂದು ಸರಿಯಾದ ಜಾಗದಲ್ಲಿ ನಿಲ್ಲಿಸಿ.

ಎಸ್‌ಡಬ್ಲ್ಯುಆರ್ ಎಂಬ ಮೂರಕ್ಷರ ಸಿಬಿ ಇರುವವರೆಲ್ಲರ ಬಾಯಲ್ಲಿದೆ. ರೇಡಿಯೊ ಕಳಿಸಿದ ಶಕ್ತಿಯಲ್ಲಿ ಎಷ್ಟು ಭಾಗ ಆಂಟೆನಾ ಒಪ್ಪದೆ ವಾಪಸಾಗುತ್ತಿದೆ ಎಂಬುದರ ಸೂಚಿ ಅದು. ವಾಹನವನ್ನು ಗೋಡೆ, ಮರ, ಬೇರೆ ಗಾಡಿಗಳಿಂದ ದೂರ ನಿಲ್ಲಿಸಿ, ಬಾಗಿಲು ಮುಚ್ಚಿ, 1, 19 ಮತ್ತು 40ನೇ ಚಾನೆಲ್‌ಗಳಲ್ಲಿ ಅಳೆಯಿರಿ. ಒಂದೂವರೆಯೊಳಗೆ ಬಂದರೆ ಬಹಳ ಚೆನ್ನ, ಎರಡರವರೆಗೆ ಚಿಂತೆಯಿಲ್ಲ, ಮೂರು ದಾಟಿದರೆ ಮೈಕ್ ಒತ್ತಲೇಬೇಡಿ, ರೇಡಿಯೊದ ಔಟ್‌ಪುಟ್ ಸುಟ್ಟೀತು. ಮೂರೂ ಕಡೆ ಎತ್ತರವಾಗಿದ್ದರೆ ಗ್ರೌಂಡ್ ಇಲ್ಲವೆ ಕೇಬಲ್ಲು ಕೆಟ್ಟಿದೆ. 40ನೇ ಚಾನೆಲ್‌ನಲ್ಲಿ 1ನೇ ಚಾನೆಲ್‌ಗಿಂತ ಹೆಚ್ಚು ತೋರಿದರೆ ಕಡ್ಡಿ ಉದ್ದವಾಗಿದೆ, ಸ್ವಲ್ಪ ಇಳಿಸಬೇಕು. 1ರಲ್ಲಿ ಹೆಚ್ಚು ತೋರಿದರೆ ಗಿಡ್ಡವಾಗಿದೆ, ಏರಿಸಬೇಕು. ಇಷ್ಟನ್ನು ಯಾರಾದರೂ ಹತ್ತು ನಿಮಿಷದಲ್ಲಿ ಮಾಡಬಹುದು.

ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಎಸ್‌ಡಬ್ಲ್ಯುಆರ್ ಕಡಿಮೆ ಬಂದ ಮಾತ್ರಕ್ಕೆ ಆಂಟೆನಾ ಚೆನ್ನಾಗಿದೆ ಎಂದಲ್ಲ. ಆಂಟೆನಾ ಬದಲು 50 ಓಮ್‌ನ ಒಂದು ಪ್ರತಿರೋಧಕ ಜೋಡಿಸಿದರೂ ಮೀಟರು 'ಅತ್ಯುತ್ತಮ' ಎನ್ನುತ್ತದೆ. ದನಿ ಮಾತ್ರ ಪಾರ್ಕಿಂಗ್ ಜಾಗ ದಾಟುವುದಿಲ್ಲ. ನೀರು ಕುಡಿದ ಕೇಬಲ್ಲು, ತುಕ್ಕು ಹಿಡಿದ ಕನೆಕ್ಟರು ಶಕ್ತಿಯನ್ನು ತಾವೇ ನುಂಗಿ ಮೀಟರಿಗೆ ಒಳ್ಳೆಯ ಅಂಕಿ ತೋರಿಸಬಲ್ಲವು. ಮೀಟರು ಎರಡು ತೋರಿಸಿತೆಂದು ಕಡ್ಡಿಯನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ ಇಡೀ ಭಾನುವಾರ ಕಳೆಯುವವರಿದ್ದಾರೆ. ಅವರು ಅದೇ ಹೊತ್ತಿನಲ್ಲಿ ಬಾಗಿಲ ಸಂದಿಯಲ್ಲಿ ಜಜ್ಜಿಹೋದ ಕೇಬಲ್ಲನ್ನು ಬದಲಿಸಿದ್ದರೆ ಹೆಚ್ಚು ಪ್ರಯೋಜನವಾಗುತ್ತಿತ್ತು. ಕೇಬಲ್ಲಿನ ಉದ್ದ 18 ಅಡಿಯೇ ಇರಬೇಕೇ ಎಂಬ ವಾದದಲ್ಲೂ ಕಾಲ ಕಳೆಯಬೇಡಿ. ಇಷ್ಟು ಕಡಿಮೆ ಉದ್ದದಲ್ಲಿ 27 ಮೆಗಾಹರ್ಟ್ಸ್‌ನಲ್ಲಿ ಕೇಬಲ್ ತಿನ್ನುವ ಶಕ್ತಿ ಗಣನೆಗೆ ಬಾರದಷ್ಟು. ಕೇಬಲ್ ಹೊಸದಿರಲಿ, ತುದಿಗಳು ನೀರು ಬಾರದಂತೆ ಮುಚ್ಚಿರಲಿ, ಚೂಪಾಗಿ ಮಡಚದಿರಲಿ, ಅಷ್ಟೇ.

ದೂರದ ಮಾತು ಬಂದಾಗ ಎಲ್ಲರೂ ಹೇಳುವುದನ್ನೇ ಯೋಚಿಸುತ್ತಾರೆ, ಕೇಳುವುದನ್ನು ಮರೆಯುತ್ತಾರೆ. ಐದು ಮೈಲಿ ಆಚೆಯ ಚಾಲಕನ ಕರೆ ನಿಮ್ಮ ಆಂಟೆನಾ ತಲುಪುವಾಗ ಬಹಳ ಕ್ಷೀಣವಾಗಿರುತ್ತದೆ. ನಿಮ್ಮ ಗಾಡಿಯಲ್ಲೇ ಎಲ್‌ಇಡಿ ದೀಪಪಟ್ಟಿ, ಅಗ್ಗದ ಫೋನ್ ಚಾರ್ಜರು, ಇನ್ವರ್ಟರು, ಡ್ಯಾಷ್‌ಕ್ಯಾಮು, ಆಲ್ಟರ್‌ನೇಟರು ಎಲ್ಲ ಸೇರಿ ಗದ್ದಲ ಎಬ್ಬಿಸುತ್ತಿದ್ದರೆ ಆ ಕರೆ ಅದರಲ್ಲಿ ಮುಳುಗಿಹೋಗುತ್ತದೆ. ಪತ್ತೆ ಕಷ್ಟವಲ್ಲ. ಎಂಜಿನ್ ಆಫ್ ಇರುವಾಗ ರೇಡಿಯೊ ಕೇಳಿ, ಬಳಿಕ ಎಂಜಿನ್ ಆನ್ ಮಾಡಿ, ಒಂದೊಂದೇ ಸಾಧನ ಚಾಲೂ ಮಾಡುತ್ತ ಹೋಗಿ. ಯಾವುದರಿಂದ ಸದ್ದು ಏರಿತೋ ಅದೇ ಕಳ್ಳ. ಆಂಟೆನಾ ಕೇಬಲ್ ಕಳಚಿದಾಗ ಸದ್ದು ನಿಂತರೆ ಅದು ಗಾಳಿಯ ಮೂಲಕ ಆಂಟೆನಾಕ್ಕೆ ಬರುತ್ತಿದೆ. ನಿಲ್ಲದಿದ್ದರೆ ವಿದ್ಯುತ್ ತಂತಿಯಲ್ಲಿ ಬರುತ್ತಿದೆ. ಕೇಬಲ್ ಕಳಚಿರುವಾಗ ಮೈಕ್ ಮಾತ್ರ ಒತ್ತಬೇಡಿ. ಸಿಗರೇಟ್ ಲೈಟರಿನ ಸಾಕೆಟ್ ಬಿಟ್ಟು, ಫ್ಯೂಸ್ ಹಾಕಿದ ದಪ್ಪ ತಂತಿಯನ್ನು ನೇರ ಬ್ಯಾಟರಿಯಿಂದ ಎಳೆದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ.

ಇನ್ನೊಂದು ತಪ್ಪು ಗುಂಡಿಯಲ್ಲಿದೆ. ಕಿರಿಕಿರಿ ತಪ್ಪಿಸಲು ಸ್ಕ್ವೆಲ್ಚ್ ಗುಂಡಿಯನ್ನು ಪೂರ್ತಿ ತಿರುಗಿಸಿ, ಆರ್‌ಎಫ್ ಗೇನ್ ಇಳಿಸಿ ಇಟ್ಟುಬಿಡುತ್ತಾರೆ. ಆಗ ರೇಡಿಯೊ ಪಕ್ಕದ ಗಾಡಿಯವನಿಗೆ ಮಾತ್ರ ಕಿವಿಗೊಡುತ್ತದೆ. ಆರ್‌ಎಫ್ ಗೇನ್ ಪೂರ್ತಿ ಮೇಲಿರಲಿ. ಸ್ಕ್ವೆಲ್ಚನ್ನು ಸುಯ್ ಎನ್ನುವ ಸದ್ದು ನಿಲ್ಲುವ ಬಿಂದುವಿನಲ್ಲೇ ನಿಲ್ಲಿಸಿ, ಅದಕ್ಕಿಂತ ಒಂದಿಷ್ಟೂ ಮುಂದೆ ಹೋಗಬೇಡಿ. ಮಂಜು ಬಿದ್ದಾಗ, ಹಿಮ ಸುರಿಯುವಾಗ ಸ್ಕ್ವೆಲ್ಚನ್ನು ಪೂರ್ತಿ ತೆರೆದಿಟ್ಟು ಆ ಸದ್ದನ್ನು ಸಹಿಸಿಕೊಳ್ಳಿ. ಪೈಸೆ ಖರ್ಚಿಲ್ಲದೆ ದೂರ ಹೆಚ್ಚಿಸುವ ವಿಧಾನ ಇದೊಂದೇ.

ಇಷ್ಟೆಲ್ಲ ಬಿಟ್ಟು ವಾಟ್ ಏರಿಸುವುದು ತೂತು ಕೊಡಕ್ಕೆ ದೊಡ್ಡ ಪಂಪು ಹಚ್ಚಿದ ಹಾಗೆ. ಲೆಕ್ಕವನ್ನೇ ನೋಡಿ. ನೆಲಕ್ಕೆ ಹತ್ತಿರವಾಗಿ ಸಾಗುವ ಅಲೆಯ ಬಲ ದೂರ ಹೆಚ್ಚಿದಂತೆ ಬಹಳ ಬೇಗ ಕುಗ್ಗುತ್ತದೆ. ದೂರವನ್ನು ಇಮ್ಮಡಿ ಮಾಡಲು ಸುಮಾರು ಹದಿನಾರು ಪಟ್ಟು ಶಕ್ತಿ ಬೇಕು. 4 ವಾಟಿನ ಬದಲು 64 ವಾಟ್. ನಾಲ್ಕು ಪಟ್ಟು ಏರಿಸಿದರೆ ಕೇಳುವವನ ಮೀಟರಿನಲ್ಲಿ ಮುಳ್ಳು ಒಂದೇ ಒಂದು ಎಸ್-ಯೂನಿಟ್ ಅಲುಗುತ್ತದೆ. ನೂರಿನ್ನೂರು ವಾಟಿನ 'ಲೀನಿಯರ್' ಆಂಪ್ಲಿಫೈಯರ್ ಹಾಕಿಕೊಂಡವನ ದನಿ ದೂರ ಹೋಗುತ್ತದೆ ನಿಜ, ಆದರೆ ಅವನಿಗೆ ಉತ್ತರ ಕೊಡುವವನದು ನಾಲ್ಕೇ ವಾಟ್. ಲೀನಿಯರ್ ಹಾಕಿದವನ ಕಿವಿ ಮೊದಲಿದ್ದಷ್ಟೇ. ಹತ್ತು ಮೈಲಿಯವರೆಗೆ ಕೂಗಿ, ಮೂರು ಮೈಲಿಯಿಂದ ಮಾತ್ರ ಕೇಳಿಸಿಕೊಳ್ಳುವವನು ಉಳಿದ ಏಳು ಮೈಲಿಯಲ್ಲಿ ಯಾರ ಮಾತನ್ನು ಮುಚ್ಚಿಹಾಕುತ್ತಿದ್ದೇನೆ ಎಂಬುದನ್ನು ತಿಳಿಯಲಾರ. ಕೆಟ್ಟದಾಗಿ ಕಟ್ಟಿದ ಆಂಪ್ಲಿಫೈಯರು ಅಕ್ಕಪಕ್ಕದ ಚಾನೆಲ್‌ಗಳಿಗೂ ಚೆಲ್ಲುತ್ತದೆ. ಆ ಏಳು ಮೈಲಿಯೊಳಗೆ ಯಾರೋ ಒಬ್ಬರು 'ನಿಲ್ಲಿಸಿ' ಎಂದು ಕೂಗುತ್ತಿದ್ದರೆ? ಕಾನೂನಿನ ದಂಡಕ್ಕಿಂತ ಈ ಪ್ರಶ್ನೆಗಾಗಿ ನಾನು ಬೇಡವೆನ್ನುವುದು. ಟ್ರಕ್ ಸ್ಟಾಪ್‌ಗಳಲ್ಲಿ '10 ಮೀಟರ್ ರೇಡಿಯೊ' ಎಂಬ ಹೆಸರಿನಲ್ಲಿ ಮಾರಿ, ಅಂಗಡಿಯಲ್ಲೇ ಸಿಬಿಗೆ ತಿರುಗಿಸಿ ಕೊಡುವ ಪೆಟ್ಟಿಗೆಗಳೂ ಇದೇ ಜಾತಿಯವು. ಪ್ರತಿಧ್ವನಿಯ ಎಕೋ, ಗುಡುಗುವ ಪವರ್ ಮೈಕು ಬೇಡ. ಅವು ಮಾತಿನ ಅಕ್ಷರಗಳನ್ನೇ ಕದಡುತ್ತವೆ. ಬಾಯಿಂದ ಎರಡು ಇಂಚು ದೂರದಲ್ಲಿ ಮೈಕ್ ಹಿಡಿದು ಸಹಜ ದನಿಯಲ್ಲಿ ಹೇಳಿದ್ದು ಹೆಚ್ಚು ದೂರಕ್ಕೆ ಅರ್ಥವಾಗುತ್ತದೆ.

ಕೆಲವು ದಿನ ಜಾರ್ಜಿಯಾದಲ್ಲಿ ಕೂತವರಿಗೆ ಅರಿಜೋನಾದ ಮಾತು ಕೇಳಿಸುತ್ತದೆ. ಅದು ನಿಮ್ಮ ಆಂಟೆನಾದ ಸಾಧನೆಯಲ್ಲ, ಮೇಲಿನ ಅಯಾನುಗೋಳ ಅಲೆಯನ್ನು ಬಾಗಿಸಿ ಕೆಳಗೆ ಕಳಿಸುತ್ತದೆ. ಸಿಬಿಯವರು ಅದನ್ನು 'ಸ್ಕಿಪ್' ಎನ್ನುತ್ತಾರೆ. ಸೌರಚಟುವಟಿಕೆ ಗರಿಷ್ಠ ಹಂತ ಮುಟ್ಟಿದೆ ಎಂದು ನಾಸಾ ಮತ್ತು ನೋವಾ 2024ರ ಅಕ್ಟೋಬರ್‌ನಲ್ಲಿ ತಿಳಿಸಿದ್ದವು. ಇಂಥ ಕಾಲದಲ್ಲಿ ದೂರದ ಗದ್ದಲ ಹತ್ತಿರದ ಮಾತನ್ನು ನುಂಗುವುದರಿಂದ ನಿಮ್ಮ ಐದು ಮೈಲಿ ಒಂದೂವರೆಗೆ ಕುಸಿಯಬಹುದು. ರೇಡಿಯೊ ಕೆಟ್ಟಿತೆಂದು ತಿಳಿಯದಿರಿ. ಪರಸ್ಪರ ಮಾತಾಡುವ ಎರಡೂ ಗಾಡಿಗಳಲ್ಲಿ ಎಫ್‌ಎಂ ಇದ್ದರೆ ಅದನ್ನು ಹಾಕಿ ನೋಡಿ. 2021ರಲ್ಲಿ ಎಫ್‌ಸಿಸಿ ಸಿಬಿಗೆ ಎಫ್‌ಎಂ ಒಪ್ಪಿದೆ, ಕಿರಿಕಿರಿ ಕಡಿಮೆ.

ನಿಜಕ್ಕೂ ಹೆಚ್ಚು ದೂರ ಬೇಕಾದವರಿಗೆ ನೇರವಾದ ದಾರಿಗಳಿವೆ. ಜಿಎಂಆರ್‌ಎಸ್ ಎಂಬ ಇನ್ನೊಂದು ರೇಡಿಯೊ ಸೇವೆಗೆ ಪರೀಕ್ಷೆಯಿಲ್ಲ, 35 ಡಾಲರು ಕಟ್ಟಿದರೆ ಹತ್ತು ವರ್ಷ, ಇಡೀ ಸಂಸಾರಕ್ಕೆ ಒಂದೇ ಲೈಸೆನ್ಸು, 50 ವಾಟಿನವರೆಗೆ ಅವಕಾಶ, ಬೆಟ್ಟದ ಮೇಲಿನ ರಿಪೀಟರುಗಳ ನೆರವೂ ಉಂಟು. ಸಾಲಾಗಿ ಆರ್‌ವಿಯಲ್ಲಿ ಹೋಗುವ ಸಂಸಾರಗಳಿಗೆ ಇದು ಹೇಳಿಮಾಡಿಸಿದ್ದು. ಹ್ಯಾಮ್ ರೇಡಿಯೊಗೆ 35 ಪ್ರಶ್ನೆಗಳ ಪರೀಕ್ಷೆ, 26 ಸರಿಯಾದರೆ ಪಾಸು. ಮೋರ್ಸ್ ಈಗ ಬೇಡ. ಎರಡಕ್ಕೂ ಅಮೆರಿಕದ ಪೌರತ್ವ ಕೇಳುವುದಿಲ್ಲ. ಆದರೆ ಸುತ್ತಲಿನ ಅಪರಿಚಿತ ಟ್ರಕ್ಕಿನವನು ಅಲ್ಲಿ ಸಿಗುವುದಿಲ್ಲ. ಅವನಿರುವುದು ಸಿಬಿಯ 19ನೇ ಚಾನೆಲ್‌ನಲ್ಲಿ. ಹಾಗಾಗಿ ಅದನ್ನು ಕೊಂಡರೂ ಇದನ್ನು ಕಳಚಬೇಡಿ.

ಊರಿನ ತಮ್ಮನಿಗೋ ಭಾವನಿಗೋ ಒಂದು ಸೆಟ್ ಕೊಂಡೊಯ್ಯೋಣ ಎಂದುಕೊಂಡವರು ದಯವಿಟ್ಟು ಬೇಡ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಒಪ್ಪಿರುವ ಸಿಬಿ ಪಟ್ಟಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ ಮಾತ್ರ, 5 ವಾಟಿನ ಮಿತಿಯಲ್ಲಿ, ಸಾಧನದೊಳಗೇ ಇರುವ ಆಂಟೆನಾದೊಂದಿಗೆ. ಅಮೆರಿಕದ 28ರಿಂದ 40ನೇ ಚಾನೆಲ್‌ಗಳೆಲ್ಲ ಅದರ ಆಚೆ ಬೀಳುತ್ತವೆ, ಟ್ರಕ್ಕಿನ ಮೇಲಿನ ಕಡ್ಡಿಯೂ ಅಲ್ಲಿ ನಡೆಯುವುದಿಲ್ಲ.

ಈಗ ಅಳತೆಯ ವಿಷಯ. 19ರಲ್ಲಿ 'ರೇಡಿಯೊ ಚೆಕ್' ಎಂದು ಕೂಗಿ ಯಾರೋ 'ಜೋರಾಗಿದೆ' ಎಂದರೆ ಅದರಿಂದ ಏನೂ ತಿಳಿಯುವುದಿಲ್ಲ, ಅವನು ಪಕ್ಕದ ಲೇನಿನಲ್ಲೇ ಇರಬಹುದು. ಗೆಳೆಯನ ಗಾಡಿಯನ್ನು ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ. ಯಾರೂ ಇಲ್ಲದ ಒಂದು ಚಾನೆಲ್ ಆರಿಸಿಕೊಳ್ಳಿ. ನೀವು ಓಡಿಸುತ್ತ ಹೋಗಿ. ಮೈಕ್ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ. ಅಂತರರಾಜ್ಯ ಹೆದ್ದಾರಿಯಲ್ಲಿ ಸಾಮಾನ್ಯವಾಗಿ ಪ್ರತಿ ಮೈಲಿಗೂ ಸಂಖ್ಯೆಯ ಫಲಕವಿರುತ್ತದೆ. ಫಲಕ ಬಂದಾಗಲೆಲ್ಲ ಆ ಸಂಖ್ಯೆ ಹೇಳಿ, ಅವರು ಅದನ್ನು ಮರಳಿ ಹೇಳಲಿ. ಸಂಖ್ಯೆ ಅರ್ಥವಾಗದ ಮೊದಲ ಫಲಕವೇ ನಿಮ್ಮ ಮಿತಿ. ಬರುವಾಗ ಮತ್ತೊಮ್ಮೆ ಅಳೆಯಿರಿ, ಏಕೆಂದರೆ ಹಿಂದಿನ ಟ್ರೇಲರ್ ಒಂದು ದಿಕ್ಕನ್ನು ತಡೆದಿರಬಹುದು. ಎರಡು ಮೈಲಿಯೂ ಬರದಿದ್ದರೆ ಮೇಲೆ ಹೇಳಿದ ಕ್ರಮದಲ್ಲಿ ಮೊದಲು ಗ್ರೌಂಡ್, ಆಮೇಲೆ ಕೇಬಲ್, ಆಮೇಲೆ ಗದ್ದಲ ನೋಡಿ.

ಮತ್ತು ಆನ್ ಮಾಡಿಡಿ. 19ರಲ್ಲಿ ಹೊಲಸು ಮಾತು, ಉಚ್ಚಾರಣೆಯನ್ನು ಅಣಕಿಸುವ ಮಾತು ಬರುತ್ತವೆಂದು ಎಷ್ಟೋ ಜನ ಆರಿಸಿಟ್ಟಿದ್ದಾರೆ. ನೋವು ನನಗೆ ಅರ್ಥವಾಗುತ್ತದೆ. ಆದರೂ ಮಕ್ಕಳಿಲ್ಲದ ಹೊತ್ತಿನಲ್ಲಿ, ಅದರಲ್ಲೂ ಹವಾಮಾನ ಕೆಟ್ಟಾಗ, ಅದು ತೆರೆದಿರಲಿ. ವೃತ್ತಿಪರ ಚಾಲಕರಿಗೆ ಕೈಯಲ್ಲಿ ಫೋನ್ ಹಿಡಿಯುವುದನ್ನು 2012ರಿಂದ ನಿಷೇಧಿಸಿರುವ ಕೇಂದ್ರ ನಿಯಮ ಸಿಬಿಯನ್ನು ಹೊರಗಿಟ್ಟಿದೆ. ನಿಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ. ಅಪಾಯ ಕಂಡಾಗ ಹಿಂಜರಿಯದೆ ಹೇಳಿ. ಹೆದ್ದಾರಿ, ದಿಕ್ಕು, ಮೈಲಿ ಫಲಕ, ಏನಾಗಿದೆ, ಯಾವ ಲೇನು, ಈ ಐದೂ ಒಂದೇ ಉಸಿರಿನಲ್ಲಿ ಬರಲಿ. ವಯೋಮಿಂಗ್‌ನ ಎಲ್ಕ್ ಮೌಂಟನ್ ಬಳಿ ಹಿಮಗಾಳಿಯಲ್ಲಿ ಎಲ್ಲ ನಿಂತಿದ್ದರೆ: 'ಐ-80 ವೆಸ್ಟ್‌ಬೌಂಡ್, ಮೈಲ್ ಮಾರ್ಕರ್ 255, ಆಲ್ ಸ್ಟಾಪ್ಡ್, ಬೋತ್ ಲೇನ್ಸ್'. ಎರಡು ಸಲ ಹೇಳಿ, ಹತ್ತು ಸೆಕೆಂಡು ಬಿಟ್ಟು ಮತ್ತೆ ಎರಡು ಸಲ. ಉಚ್ಚಾರಣೆ ಹೇಗಿದ್ದರೂ 255 ಎಂಬುದು ಎಲ್ಲರಿಗೂ ತಿಳಿಯುತ್ತದೆ. ನಮ್ಮೊಳಗಿನ ಕನ್ನಡದ ಹರಟೆಗೆ ಬೇರೆ ಚಾನೆಲ್‌ಗೆ ಸರಿಯೋಣ, 9 ಮತ್ತು 19ರಿಂದ ದೂರ.

ಕನ್ನಡ ಕೂಟಗಳ ಪದಾಧಿಕಾರಿಗಳಿಗೂ ಒಂದು ಕೋರಿಕೆ. ಹಬ್ಬದ ಕಾರ್ಯಕ್ರಮದ ದಿನ ಪಾರ್ಕಿಂಗ್ ಜಾಗದ ಖಾಲಿ ಮೂಲೆಯಲ್ಲಿ, ಕಾರುಗಳ ಸಾಲಿನಿಂದ ದೂರದಲ್ಲಿ ಒಂದು ಮೇಜು ಹಾಕಿ. ಒಂದು ಎಸ್‌ಡಬ್ಲ್ಯುಆರ್ ಮೀಟರು, ಒಂದು ಮಲ್ಟಿಮೀಟರು, ಬಣ್ಣ ಕೆರೆಯಲು ಮರಳು ಕಾಗದ, ಒಂದಷ್ಟು ತಾಮ್ರದ ಪಟ್ಟಿ ಇಟ್ಟುಕೊಳ್ಳಿ. ಹತ್ತಿರದ ಹ್ಯಾಮ್ ಕ್ಲಬ್ಬಿನವರನ್ನು ಊಟಕ್ಕೆ ಕರೆದರೆ ಬಂದು ಹೇಳಿಕೊಡುತ್ತಾರೆ. ಟೆಕ್ಸಸ್, ಕ್ಯಾಲಿಫೋರ್ನಿಯಾದವರು ದೀಪಾವಳಿಯವರೆಗೆ ಕಾಯಬಹುದು. ಮಿನೆಸೋಟ, ಕೊಲರಾಡೊ, ಮಿಷಿಗನ್‌ನವರು ಗಣೇಶನ ಹಬ್ಬಕ್ಕೇ ಮಾಡಿಬಿಡಿ, ನವೆಂಬರ್‌ನಲ್ಲಿ ಬೋಲ್ಟು ಬಿಚ್ಚಲು ಕೈ ಬರುವುದಿಲ್ಲ.